ಕ್ಯಾಮೆರಾ ಮಾರಿದ ಸೋದರಮಾವ

ಚಾಮರಾಜಪೇಟೆ
9 ನವೆಂಬರ್ 2025, ಭಾನುವಾರ

ಪ್ರೀತಿಯ ತಂಗಿ ಯಮುನಾಳಿಗೆ,

ಗೌರಿ ಹಬ್ಬದಿಂದ ನಿನ್ನ ಮೇಲೆ ಮುನಿಸಿಕೊಂಡು ಕೂತಿರುವ ಅಣ್ಣ ಮನೋಹರನ ಆಶೀರ್ವಾದಗಳು. ಮುನಿಸಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ತಪ್ಪು ನನ್ನದು. ಈ ಮಾತನ್ನು ಬೇಕಾದರೆ ಎರಡು ಸಲ ಓದಿಕೊ, ಇನ್ನೊಂದು ಸಲ ಹೇಳುವ ಅಭ್ಯಾಸ ನನಗಿಲ್ಲವೆಂದು ನಿನಗೆ ಗೊತ್ತು.

ಮಾರ್ಕೆಟ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿದರೆ ಮಲ್ಲೇಶ್ವರ ಎಷ್ಟು ಹೊತ್ತಿನ ದಾರಿ! ಅಷ್ಟಕ್ಕೆ ಕಾಗದ ಯಾಕೆ ಎಂದು ನಗಬೇಡ. ಎರಡು ಸಲ ಸ್ಟೇಷನ್ನಿನ ಮೆಟ್ಟಿಲ ತನಕ ಬಂದು, ಹೂವಿನ ಅಂಗಡಿಗಳ ಮುಂದೆ ಒಂದು ಸುತ್ತು ಹಾಕಿ ಮನೆಗೆ ಹಿಂತಿರುಗಿದೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನೀನು ಅತ್ತರೆ ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಕಾಗದವಾದರೆ ನೀನು ಎಷ್ಟು ಅತ್ತರೂ ನನಗೆ ಕೇಳಿಸುವುದಿಲ್ಲ. ಅದಕ್ಕೆ ಈ ದಾರಿ.

ಹಬ್ಬದ ದಿನ ನಡೆದದ್ದನ್ನು ನೆನಪು ಮಾಡಿಕೊ. ಬಾಗಿನ ಕೊಡಲು ಬಂದವನಿಗೆ ಎಲೆ ಹಾಕಿ, ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕುತ್ತ ನೀನು ಮೆಲ್ಲಗೆ ಹೇಳಿದೆ: "ಅಣ್ಣ, ಯಶೂ ಮದ್ವೆಗೆ ಫೋಟೋಗೆ ಬೇರೆಯವ್ರನ್ನ ಹೇಳೋಣ ಕಣೋ. ನೀನು ಸೋದರಮಾವ. ಹುಡುಗೀನ ಕೈ ಹಿಡ್ಕೊಂಡು ಮಂಟಪಕ್ಕೆ ಕರ್ಕೊಂಡ್ ಬರೋನು. ಕುತ್ತಿಗೇಲಿ ಕ್ಯಾಮೆರಾ ನೇತಾಕ್ಕೊಂಡು ಹೆಂಗ್ ಬರ್ತೀಯಾ?" ಮಾತು ಎಷ್ಟು ಹಗುರವಾಗಿತ್ತು! ಆದರೆ ಅದರ ಹಿಂದೆ ಏನಿತ್ತೆಂದು ನನಗೆ ತಿಳಿಯಿತು. ಆಷಾಢಕ್ಕೆ ಮುಂಚೆ ನಡೆದ ಯಶಶ್ರೀಯ ನಿಶ್ಚಿತಾರ್ಥದ ಫೋಟೋಗಳು ಅದರ ಹಿಂದೆ ಇದ್ದವು. ಉಂಗುರ ತೊಡಿಸುವ ಫೋಟೋದಲ್ಲಿ ಉಂಗುರವೇ ಕಾಣಲಿಲ್ಲ, ಎರಡು ಮಸುಕು ಬೆರಳು ಮಾತ್ರ. ಬೀಗರಿಗೆ ನಾನು ಕ್ಯಾಮೆರಾ ಹಳೆಯದು ಎಂದೆ. ನಿನಗೆ ಲೆನ್ಸಿಗೆ ಬೂಷ್ಟು ಹಿಡಿದಿದೆ ಎಂದೆ. ನೀನು ನಂಬಿದಂತೆ ತಲೆಯಾಡಿಸಿ, ಗೌರಿ ಹಬ್ಬದವರೆಗೂ ಬಾಯಿ ಬಿಡದೆ ಕಾದೆ.

ನಾನೇನು ಮಾಡಿದೆ? ಎಲೆಯ ಮುಂದಿನಿಂದ ಎದ್ದು, ನಿನ್ನ ಮಗಳ ಮದುವೆಗೆ ಫುಲ್ ಫ್ರೇಮ್ ಕ್ಯಾಮೆರಾ ತಂದು ತೆಗೆಯುತ್ತೇನೆ, ಆಲ್ಬಮ್ ನೋಡಿ ಆಮೇಲೆ ಮಾತಾಡು ಎಂದು ಕೂಗಾಡಿ ಹೊರಟುಬಿಟ್ಟೆ. ಹಬ್ಬದ ದಿನ ತವರಿನವನು ಅರ್ಧ ಊಟದಲ್ಲಿ ಎದ್ದು ಹೋದರೆ ಹೆಣ್ಣುಮಗಳಿಗೆ ಏನಾಗುತ್ತದೆಂದು ಕಲಾಸಿಪಾಳ್ಯ ದಾಟುವ ತನಕ ಹೊಳೆಯಲೇ ಇಲ್ಲ.

ಯಮುನಾ, ನಮ್ಮ ಕಸುಬಿನಲ್ಲಿ ನನಗಿದ್ದದ್ದು ಒಂದೇ ಹೆಮ್ಮೆ. ಇಪ್ಪತ್ತಾರು ವರ್ಷದಿಂದ ಚಾಮರಾಜಪೇಟೆ, ಬಸವನಗುಡಿಯ ಹಳೇ ಮನೆಗಳಲ್ಲಿ ನನ್ನನ್ನು ಕರೆಸಿದ್ದು ಫ್ಲ್ಯಾಶ್ ಹೊಡೆಯದ ಮನೋಹರ ಎಂದು. ದೇವರ ಮನೆಯ ಎರಡು ದೀಪದ ಬೆಳಕಿನಲ್ಲಿ, ಗೋಡೆಗೂ ಒರಗದೆ, ಉಸಿರು ಹಿಡಿದು ನಿಂತು ತೆಗೆದರೆ ಆರತಿ ತಟ್ಟೆಯ ಕುಂಕುಮದ ಕಣ ಕೂಡ ಎಣಿಸಬಹುದಿತ್ತು. ಫ್ಲ್ಯಾಶ್ ಇಲ್ಲದೆ ತೆಗೆಯುವಾಗ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು, ಅಷ್ಟೂ ಹೊತ್ತು ಕೈ ಅಲುಗಬಾರದು. ಮನೋಹರನ ಕೈ ಕಲ್ಲುಕಂಬ ಎಂದು ಪುರೋಹಿತರೇ ಹೇಳುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಕೊಬ್ಬು ಬಂದಿತ್ತು ಎಂದೇ ಇಟ್ಟುಕೊ.

ಕಳೆದ ವರ್ಷದಿಂದ ಫೋಟೋ ಅಲುಗಲು ಶುರುವಾಯಿತು. ನೂರಕ್ಕೆ ಹತ್ತು, ಆಮೇಲೆ ಮೂವತ್ತು. ಕ್ಯಾಮೆರಾಗೆ ಹನ್ನೊಂದು ವರ್ಷ ವಯಸ್ಸಾಗಿತ್ತು, ಆದ್ದರಿಂದ ತಪ್ಪು ಅದರದೇ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಅಂದು ಸುಮ್ಮನಾದಳು, ನಾನು ಆ ನೆಲವನ್ನೇ ಮಾರಿ ಬೇರೆ ನೆಲ ಕೊಳ್ಳಲು ಹೊರಟೆ.

ಫುಲ್ ಫ್ರೇಮ್ ಎಂದರೆ ನಿನಗೆ ಏನೆಂದು ಗೊತ್ತಿರಲಿಕ್ಕಿಲ್ಲ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು, ಕತ್ತಲಲ್ಲೂ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಅಷ್ಟೇ. ನನ್ನ ಹಳೇ ಲೆನ್ಸುಗಳು ಅದಕ್ಕೆ ಸರಿಹೊಂದುವುದಿಲ್ಲ, ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಹಾಗಾಗಿ ಎಲ್ಲವನ್ನೂ ಮಾರಬೇಕಾಯಿತು. ಪಿತೃಪಕ್ಷ ನಡೆಯುತ್ತಿತ್ತು. ಪಕ್ಷದಲ್ಲಿ ಹೊಸದು ಕೊಳ್ಳಬಾರದು, ಮಾರಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದು ಫೋನಿನಲ್ಲಿ ಜಾಹೀರಾತು ಹಾಕಿದೆ.

ಕೊಳ್ಳಲು ಬಂದವಳು ಬಸವನಗುಡಿಯ ಒಬ್ಬ ಹುಡುಗಿ, ಹೆಸರು ಆರಾಧನಾ. ಕಾಲೇಜು ಮುಗಿಸಿ ಫೋಟೋ ಕಲಿಯಬೇಕೆಂದು ಆಸೆ. ನನ್ನ ಸಾಮಾನನ್ನೆಲ್ಲ ಜಗಲಿಯ ಮೇಲೆ ಚಾಪೆ ಹಾಸಿ ಹರಡಿದ್ದೆ. ಅವಳು ಒಂದೊಂದನ್ನೂ ಎತ್ತಿ ಟಾರ್ಚ್ ಬಿಟ್ಟು ನೋಡಿದಳು. ಲೆನ್ಸಿನ ಬಳೆಯ ಸಂದಿಯಲ್ಲಿ ಕೆಂಪು ಕಂಡಿತು, ಫ್ಲ್ಯಾಶ್ ಕೂರಿಸುವ ಸಂದಿಯಲ್ಲಿ ಅರಿಶಿನ ಹಚ್ಚಿದ ಒಂದು ಅಕ್ಕಿ ಕಾಳು. "ಅಂಕಲ್, ಇದೇನಿದು ಹಳದಿ ಹಳದಿ?" ಎಂದಳು. ನಿನ್ನ ಅತ್ತಿಗೆ ಪ್ರತಿ ಆಯುಧಪೂಜೆಗೂ ಕ್ಯಾಮೆರಾಗೆ ಅರಿಶಿನ ಕುಂಕುಮ ಇಟ್ಟು, ಮಂತ್ರಾಕ್ಷತೆ ಹಾಕಿ, ಬೂದುಗುಂಬಳಕಾಯಿ ಒಂದು ಒಡೆಯುವುದು ಬಾಕಿ ಇಡುತ್ತಿದ್ದವಳು. ಹನ್ನೊಂದು ವರ್ಷದ ಪೂಜೆಯನ್ನು ಆ ಹುಡುಗಿ ಬ್ರಷ್‌ನಿಂದ ಗುಡಿಸಿ ತೆಗೆದಳು. ನಾನೂ ನಕ್ಕೆ, ಅವಳೂ ನಕ್ಕಳು.

ಆಮೇಲೆ ಅವಳು ಒಂದು ಫೋಟೋ ತೆಗೆದು ನೋಡಲೇ ಎಂದು ಕೇಳಿದಳು. ಎದುರು ಮನೆಯ ಜಗಲಿಯಲ್ಲಿ ಮುದುಕಿ ಮಲ್ಲಿಗೆ ಕಟ್ಟುತ್ತಿತ್ತು. ಮೋಡದ ಸಂಜೆ, ಬೆಳಕು ಕಡಿಮೆ. ಅವಳು ನಿಂತಲ್ಲೇ ನಿಂತು ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ನನಗೆ ತೋರಿಸಿದಳು. ಮುದುಕಿಯ ಬೆರಳ ಸಂದಿಯ ನಾರು ಕಾಣುತ್ತಿತ್ತು. ನಾರಿನ ಸಿಬಿರು ಕಾಣುತ್ತಿತ್ತು. ಅದೇ ಕ್ಯಾಮೆರಾ, ಅದೇ ಲೆನ್ಸು, ನಾನು ಯಾವಾಗಲೂ ಇಡುತ್ತಿದ್ದ ಅದೇ ನಿಧಾನದ ಶಟರ್ ವೇಗ.

"ಎಷ್ಟ್ ಶಾರ್ಪ್ ಇದೆ ಅಂಕಲ್! ಇಷ್ಟ್ ಚೆನ್ನಾಗಿರೋದನ್ನ ಯಾಕ್ ಮಾರ್ತಿದೀರಾ?" ಎಂದು ಕೇಳಿದಳು.

ಆ ಕ್ಷಣಕ್ಕೆ ನನಗೆ ಗೊತ್ತಾಯಿತು, ಯಮುನಾ. ಕ್ಯಾಮೆರಾಗೆ ಏನೂ ಆಗಿಲ್ಲ. ಅಲ್ಲಿಗೇ ಎಲ್ಲವನ್ನೂ ವಾಪಸ್ ಕಟ್ಟಿ ಒಳಗಿಡಬಹುದಿತ್ತು. ನಾನು ಮಾತ್ರ ಗತ್ತಿನಿಂದ, ಫುಲ್ ಫ್ರೇಮಿಗೆ ಹೋಗ್ತಿದೀನಮ್ಮ, ಇದು ಸಣ್ಣದಾಯ್ತು ಎಂದೆ. ಅವಳು ಕ್ಯಾಮೆರಾ ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡಿಗೆ ಎಷ್ಟು ಎಂದು ಕೇಳಿದಾಗ, ಅದನ್ನ ಹಾಗೇ ತಗೊಂಡೋಗು, ನನಗೆ ಅದೆಲ್ಲ ಬೇಕಾಗಲ್ಲ ಎಂದು ಬಿಟ್ಟಿಯಾಗಿ ಕೊಟ್ಟೆ. ಕೈ ನಡುಗುವವನು ಟ್ರೈಪಾಡ್ ದಾನ ಮಾಡಿದ ಎಂದು ಎಲ್ಲಾದರೂ ಕೇಳಿದ್ದೀಯಾ? ದುಡ್ಡು ತೆಗೆದುಕೊಂಡೆ. ಅವಳು ಚೀಲ ಹೊತ್ತು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಕರೆಯಬೇಕೆನಿಸಿತು, ಕರೆಯಲಿಲ್ಲ.

ಗೊತ್ತಾದ ಮೇಲೂ ಹೊಸದನ್ನು ಯಾಕೆ ಕೊಂಡೆ ಎಂದು ನೀನು ಕೇಳುತ್ತೀಯ. ನವರಾತ್ರಿಯ ಮೊದಲ ದಿನ ಅಂಗಡಿಗೆ ಹೋದಾಗ ಅಲ್ಲಿಯವನು ಒಂದು ಮಾತು ಹೇಳಿದ. "ಸರ್, ಇದ್ರಲ್ಲಿ ಒಳಗೇ ಸೆನ್ಸರ್ ಅಡ್ಜಸ್ಟ್ ಆಗತ್ತೆ. ಕೈ ಸ್ವಲ್ಪ ಶೇಕ್ ಆದ್ರೂ ಅದೇ ಸರಿ ಮಾಡ್ಕೊಳತ್ತೆ." ಆ ಒಂದು ಮಾತಿಗೆ ಬಿದ್ದೆ. ಕೈ ಮಾಡಲಾಗದ್ದನ್ನು ಕ್ಯಾಮೆರಾ ಮಾಡಿಬಿಟ್ಟರೆ ಯಾರಿಗೂ ಏನೂ ಹೇಳುವ ಅಗತ್ಯವೇ ಇರುವುದಿಲ್ಲ, ಯಶೂ ಮದುವೆ ದಾಟಿಬಿಡುತ್ತದೆ ಎಂದುಕೊಂಡೆ. ಹಳೆಯದರಿಂದ ಬಂದದ್ದೆಲ್ಲ ಅದಕ್ಕೆ ಹೋಯಿತು, ಉಳಿದದ್ದಕ್ಕೆ ಕಂತು. ಮನೆಯ ಅಂಗಳದಲ್ಲಿ ಹತ್ತು ದಿನ ತೆಗೆದು ನೋಡಿದೆ. ನಿಜವಾಗಿಯೂ ಚೆನ್ನಾಗಿ ಬಂತು. ನಿನಗೆ ಫೋನ್ ಮಾಡಿ ಹಂಗಿಸಬೇಕೆಂದು ಎರಡು ದಿನ ಕುಣಿದಾಡಿದೆ.

ಕಳೆದ ತಿಂಗಳ ಕೊನೆಗೆ ಗಾಂಧಿಬಜಾರಿನ ಹಿಂದಿನ ರಸ್ತೆಯ ಶ್ರೀನಿವಾಸಯ್ಯನವರ ಷಷ್ಟ್ಯಬ್ದಿ. ಬ್ಯಾಂಕಿನಿಂದ ನಿವೃತ್ತರಾದವರು, ಅವರ ಮದುವೆಯೊಂದನ್ನು ಬಿಟ್ಟು ಆ ಮನೆಯ ಎಲ್ಲ ಸಮಾರಂಭವೂ ನನ್ನದೇ. ಅರವತ್ತಕ್ಕೆ ಹೆಂಡತಿಗೆ ಮತ್ತೆ ತಾಳಿ ಕಟ್ಟುವ ಸಮಯ ಬಂತು. ನಾನು ಎದುರಿಗೆ ಮಂಡಿಯೂರಿ ಕೂತು ಕಾದೆ. ಗಟ್ಟಿಮೇಳ ಶುರುವಾಯಿತು, ಅವರ ಕೈ ಹೆಂಡತಿಯ ಕುತ್ತಿಗೆಯ ಹಿಂದೆ ಹೋಯಿತು. ಬೆರಳಿಗೆ ಒತ್ತು ಎಂದೆ. ಅದು ಒತ್ತಲಿಲ್ಲ. ನಡುಗಿದ್ದರೆ ಕ್ಯಾಮೆರಾ ಸರಿ ಮಾಡಿಕೊಳ್ಳುತ್ತಿತ್ತೋ ಏನೋ. ಬೆರಳು ಸುಮ್ಮನೆ ಗುಂಡಿಯ ಮೇಲೆ ಕೂತಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ಒತ್ತಿದಾಗ ಎಲ್ಲರೂ ಅಕ್ಷತೆ ಹಾಕಿ ಮುಗಿಸಿದ್ದರು.

ಶ್ರೀನಿವಾಸಯ್ಯ ನನ್ನ ಮುಖ ನೋಡಿದರು. ದೊಡ್ಡ ಮನುಷ್ಯ. "ಇನ್ನೊಂದ್ಸಲ ಕಟ್ತೀನಿ ಬಿಡಪ್ಪಾ. ಅವಳೇನ್ ಓಡ್ಹೋಗಲ್ಲ, ಮೂವತ್ನಾಲ್ಕ್ ವರ್ಷದಿಂದ ನೋಡ್ತಿದೀನಿ" ಎಂದು ನಗಿಸಿದರು. ಮತ್ತೆ ಕಟ್ಟಿದಂತೆ ಮಾಡಿದರು. ನಾನು ಮತ್ತೆ ತಡಮಾಡಿದೆ. ಮೂರನೇ ಸಲ ಪುರೋಹಿತರು ಗೊಣಗಿಕೊಂಡು ಎದ್ದು ನಿಂತರು. ಅಷ್ಟರಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿತ್ತು. ಹೊಸ ಕಾರ್ಡು ಸಂದಿಗೆ ತೂರಿಸಲು ಹೋದರೆ ಅದು ಒಳಗೆ ಹೋಗುತ್ತಲೇ ಇಲ್ಲ, ಸಂದಿಯ ಆಚೆ ಈಚೆ ಬಡಿಯುತ್ತಿದೆ. ಜಮಖಾನದ ಮೇಲೆ ಬಿತ್ತು, ಎತ್ತಿದೆ, ಮತ್ತೆ ಬಿತ್ತು. ಆಗ ಯಾರೋ ಹೆಂಗಸರು, "ಶುಗರ್ ಕಮ್ಮಿ ಆಗಿರ್ಬೇಕು, ಯಾರಾದ್ರೂ ಸ್ವಲ್ಪ ಪಾನಕ ಕೊಡಿ ಪಾಪ" ಎಂದರು. ಆ ಪಾಪ ಎಂಬ ಮಾತು ಕೇಳಿಸಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಪಾನಕ ಕುಡಿದೆ. ಅರ್ಧ ಅಂಗಿಯ ಮೇಲೆ ಹೋಯಿತು. ಕೊನೆಗೆ ವಿಡಿಯೋದವನ ಹತ್ತಿರ ಹಲ್ಲುಗಿಂಜಿ ತಾಳಿಯ ದೃಶ್ಯವನ್ನು ಬೇಡಿ ತಂದು ಆಲ್ಬಮ್ಮಿಗೆ ಸೇರಿಸಿದ್ದೇನೆ.

ಮಾರನೇ ವಾರ ಡಾಕ್ಟರ ಹತ್ತಿರ ಹೋದೆ, ಲ್ಯಾಬಿನಲ್ಲಿ ಆಲ್ಬಮ್ ಕೆಲಸ ಇದೆಯೆಂದು ಮನೆಯಲ್ಲಿ ಹೇಳಿ. ನರಗಳ ಡಾಕ್ಟರು, ಯಶೂಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ನಡೆದು ತೋರಿಸಿ ಎಂದಳು, ಬೆರಳು ಬಡಿದು ತೋರಿಸಿ ಎಂದಳು. ಒಂದು ಹಾಳೆ ಕೊಟ್ಟು ಚಕ್ಕುಲಿ ಸುತ್ತಿದ ಹಾಗೆ ಗೆರೆ ಎಳೆಯಿರಿ, ಕೆಳಗೆ ನಿಮ್ಮ ಹೆಸರು ಬರೆಯಿರಿ ಎಂದಳು. ಚಕ್ಕುಲಿ ಮುಳ್ಳು ಮುಳ್ಳಾಗಿ ಬಂತು. ಹೆಸರು ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗಿ, ಕೊನೆಯ ಅಕ್ಷರ ಇರುವೆಯಷ್ಟಾಯಿತು. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಪಾರ್ಕಿನ್ಸನ್ ಎಂದಳು. ವಾಸಿಯಾಗುವುದಿಲ್ಲ, ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು, ಎಷ್ಟು ಎಂದು ಈಗಲೇ ಹೇಳಲಾಗದು ಎಂದಳು. ಮೂರು ವಾರದಲ್ಲಿ ಒಂದು ಮದುವೆಯ ಫೋಟೋ ತೆಗೆಯಬೇಕು ಎಂದೆ. ಅವಳು ತಲೆ ತಗ್ಗಿಸಿ ಚೀಟಿ ಬರೆಯುತ್ತಲೇ ಇದ್ದಳು.

ನಿನ್ನ ಅತ್ತಿಗೆಗೆ ಇದು ಯಾವುದೂ ಗೊತ್ತಿಲ್ಲ. ಮಾತ್ರೆಗಳನ್ನು ಹಳೇ ಫ್ಲ್ಯಾಶಿನ ಖಾಲಿ ಡಬ್ಬಿಯಲ್ಲಿಟ್ಟು ಬೀರುವಿನ ಮೇಲೆ ಇಟ್ಟಿದ್ದೇನೆ. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗೆ ಬರುತ್ತಿಲ್ಲ. ಬೆಳಿಗ್ಗೆ ಹೇಳೋಣವೆಂದು ಬಾಯಿ ತೆರೆದರೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದು ಏನೋ ಒಂದು ಆಡಿಬಿಡುತ್ತೇನೆ. ಅವಳು ಅತ್ತರೆ ನಾನೇನು ಮಾಡಲಿ? ನನ್ನ ಬಟ್ಟೆಯ ಗುಂಡಿಯನ್ನು ನಾಳೆ ಅವಳು ಹಾಕಬೇಕಾಗುತ್ತದೆ ಎಂದು ಯಾವ ಬಾಯಿಂದ ಹೇಳಲಿ? ಭಯವಾಗುತ್ತದೆ, ಯಮುನಾ. ಅಪ್ಪ ಹೋದಾಗಲೂ ಇಷ್ಟು ಭಯವಾಗಿರಲಿಲ್ಲ.

ಈಗ ಕೆಲಸದ ಮಾತು. ಇವತ್ತಿಗೆ ಸರಿಯಾಗಿ ಮೂರು ವಾರಕ್ಕೆ ಯಶೂ ಮದುವೆ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಶ್ರೀನಿವಾಸಯ್ಯನವರ ಹಾಗೆ ಇನ್ನೊಂದು ಸಲ ಹಾಕಿ ಎಂದು ಹೊಸ ಹುಡುಗ ಹುಡುಗಿಗೆ ಹೇಳಲಾಗುವುದಿಲ್ಲ, ಮುಹೂರ್ತ ಕಾಯುವುದಿಲ್ಲ. ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತು ಫೋಟೋ ತೆಗೆಯುತ್ತದೆ ಈ ಕ್ಯಾಮೆರಾ. ಆದರೆ ಒತ್ತಬೇಕಲ್ಲ. ನಿನ್ನ ಮಗಳ ಮದುವೆಯನ್ನು ನಾನು ಹಾಳು ಮಾಡಲಾರೆ. ನೀನು ಹೇಳಿದಂತೆ ಬೇರೆಯವರನ್ನು ಕರೆಸು. ನನ್ನ ಕ್ಯಾಮೆರಾ ಬೇಕಾದರೆ ಅವರಿಗೆ ಕೊಡುತ್ತೇನೆ, ಒಳ್ಳೆಯ ಕ್ಯಾಮೆರಾ, ತಪ್ಪೇನಿಲ್ಲ ಅದರದು.

ಇನ್ನೊಂದು. ಸೋದರಮಾವನ ಕೆಲಸವೂ ನನ್ನಿಂದಾಗದು. ನಾಲ್ಕು ನೂರು ಜನರ ಮುಂದೆ, ವಿಡಿಯೋ ದೀಪದ ಎದುರು, ಹುಡುಗಿಯ ಕೈ ಹಿಡಿದು ಮಂಟಪದ ಮೆಟ್ಟಿಲು ಹತ್ತುವಾಗ ಈ ಕೈ ನಡುಗಿದರೆ? ಬೀಗರ ಕಡೆಯವರು ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ನಿನ್ನ ಮಗಳ ಮುಖ. ಕುಡಿದು ಬಂದಿದ್ದಾನೆ ಎಂದರೂ ಎಂದಾರು. ದೊಡ್ಡಪ್ಪನ ಮಗ ಗೌರೀಶನೂ ವರಸೆಯಲ್ಲಿ ಅವಳಿಗೆ ಮಾವನೇ, ಅವನಿಗೆ ಹೇಳು. ಗಟ್ಟಿಮುಟ್ಟಾಗಿದ್ದಾನೆ. ನಾನು ಊಟದ ಮನೆಯಲ್ಲಿ ಎಲೆ ಸಾಲು ನೋಡಿಕೊಂಡು ಇರುತ್ತೇನೆ. ಯಾಕೆಂದು ಯಶೂ ಕೇಳಿದರೆ ಸೊಂಟ ಹಿಡಿದಿದೆ ಎನ್ನು.

ಅವಳು ಹುಟ್ಟಿದ ಹನ್ನೊಂದನೇ ದಿನ ತೊಟ್ಟಿಲಲ್ಲಿ ಮಲಗಿದ್ದ ಫೋಟೋ ತೆಗೆದವನು ನಾನು. ಮದುವೆಯದನ್ನೂ ನಾನೇ ತೆಗೆಯಬೇಕೆಂದು ಇಷ್ಟು ವರ್ಷ ಕಾದಿದ್ದೆ. ಆಗಲಿಲ್ಲ ಕಣಮ್ಮ. ಕ್ಷಮಿಸು ಎಂದು ದೊಡ್ಡವನು ಚಿಕ್ಕವಳಿಗೆ ಹೇಳಬಾರದಂತೆ, ಆದರೂ ಹೇಳಿದ್ದೇನೆ. ಭಾವನವರಿಗೆ ನೀನೇ ಹೇಗಾದರೂ ತಿಳಿಸು. ಸದ್ಯಕ್ಕೆ ಫೋನ್ ಮಾಡಬೇಡ, ನಾಲ್ಕು ದಿನ ಬಿಟ್ಟು ಮಾಡು.

ನಿನ್ನ ಅಣ್ಣ,
ಮನೋಹರ

ಮರೆತಿದ್ದು: ಯಮುನಾ, ಇದು ನಿನ್ನ ಅತ್ತಿಗೆಯ ಮಾತು. ಕಾಗದ ಬಿಚ್ಚಿದ ಕೂಡಲೇ ಅಕ್ಷರ ನನ್ನದೆಂದು ನಿನಗೆ ತಿಳಿದಿರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಇವರು ಬಂದು, ತಂಗಿಗೆ ಒಂದು ಕಾಗದ ಬರೀಬೇಕು, ನಾನು ಹೇಳ್ತೀನಿ ನೀನು ಬರಿ ಎಂದರು. ಕಿಟಕಿ ಕಡೆ ಮುಖ ಮಾಡಿ ಕೂತು ಹೇಳಿದರು, ಒಂದು ಸಲವೂ ತಿರುಗಲಿಲ್ಲ. ಅತ್ತಿಗೆಗೆ ಗೊತ್ತಿಲ್ಲ ಎಂಬ ಸಾಲನ್ನೂ ಹೇಳಿದರು. ಹೇಳಿದ ಹಾಗೆಯೇ ಬರೆದೆ. ಪೆನ್ನು ನಿಲ್ಲಿಸಿದರೆ ಅವರೂ ನಿಲ್ಲಿಸಿಬಿಡುತ್ತಾರೆಂದು ನಿಲ್ಲಿಸಲಿಲ್ಲ. ಸಹಿ ಒಂದು ಮಾತ್ರ ಅವರದು.

ಕೈಯ ವಿಷಯ ನನಗೆ ಒಂದು ವರ್ಷದಿಂದ ಗೊತ್ತು. ಚೆಲ್ಲದಿರಲೆಂದು ಲೋಟಕ್ಕೆ ಅರ್ಧ ಕಾಫಿ ಮಾತ್ರ ಹಾಕಿ, ಎರಡು ಸಲ ಕೊಡುತ್ತಿದ್ದೇನೆ. ಅವರು ಯಾಕೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಾಕ್ಟರ ಮಾತು, ಆ ಕಾಯಿಲೆಯ ಹೆಸರು, ಇವತ್ತು ಬರೆಯುವಾಗಲೇ ಗೊತ್ತಾದದ್ದು. ಮುಂದೆ ಏನು ಮಾಡಬೇಕೆಂದು ನನಗೂ ತೋಚುತ್ತಿಲ್ಲ. ನಾಲ್ಕು ದಿನ ಕಾಯಬೇಡ, ನಾಳೆಯೇ ಬಾ.

ಫೋಟೋಗೆ ಯಾರನ್ನಾದರೂ ಕರೆಸಿಕೊ. ಆದರೆ ಸೋದರಮಾವನ ಜಾಗಕ್ಕೆ ಗೌರೀಶನಿಗೆ ಹೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಮಾವನ ಕೈ ಗಟ್ಟಿಯಾಗಿ ಹಿಡಿದುಕೊ ಎಂದು ಯಶೂಗೆ ಹೇಳು, ಅಷ್ಟೇ ಸಾಕು.

ಬರೆದು ಮುಗಿದ ಮೇಲೆ ಒಂದು ಸಲ ಓದಿ ಹೇಳು ಎಂದರು. ಸಹಿಯ ತನಕ ಓದಿದೆ. ಈ ಕೆಳಗಿನದನ್ನು ಓದಿಲ್ಲ.